ತಂಪು ಕರಾವಳಿಯ ದ್ರಾಕ್ಷಿ ತೋಟ: ಎಲೆ ಕೀಳುವುದು ಯಾವಾಗ?
ಸಮುದ್ರದ ಹತ್ತಿರ ವೈನ್ ದ್ರಾಕ್ಷಿ ಬೆಳೆಯುವವರಿಗೆ ಬಿಸಿಲು ಸಾಲದು ಅನ್ನುವುದಕ್ಕಿಂತ, ಮಂಜಿನ ತೇವ ಗೊಂಚಲೊಳಗೆ ಕೂತುಬಿಡುವುದೇ ಜಾಸ್ತಿ ತಲೆನೋವು, ಅಲ್ವಾ? ಪಿನೋ ನ್ವಾರ್ ತರದ ದ್ರಾಕ್ಷಿ ತಳಿಗಳ ಒತ್ತಾದ ಗೊಂಚಲಿಗಂತೂ ಬೊಟ್ರೈಟಿಸ್ ಅನ್ನುವ ಶಿಲೀಂಧ್ರದ ಕೊಳೆ ಬೇಗ ಹಿಡಿಯುತ್ತದೆ. ಹೂವು ಮುಗಿದು ಕಾಯಿ ಕಚ್ಚಿದ ಮೇಲೆ, ಕಾಯಿ ಇನ್ನೂ ಹಸಿರಾಗಿ ಗಟ್ಟಿಯಾಗಿರುವಾಗಲೇ, ಗೊಂಚಲಿನ ಸುತ್ತಲಿನ ಎಲೆ ಕಿತ್ತುಬಿಡಿ. ಸಾಲು ಉತ್ತರ-ದಕ್ಷಿಣವಾಗಿದ್ದರೆ ಪೂರ್ವದ ಕಡೆ ಮಾತ್ರ ಸಾಕು. ಬೆಳಗಿನ ಎಳೆ ಬಿಸಿಲಿಗೆ ಇಬ್ಬನಿ ಬೇಗ ಒಣಗುತ್ತದೆ, ಗಾಳಿ ಆಡುತ್ತದೆ, ಔಷಧಿ ಸಿಂಪಡಿಸಿದರೂ ನೇರ ಕಾಯಿಗೇ ತಾಗುತ್ತದೆ. ಪಶ್ಚಿಮದ ಎಲೆ ಹಾಗೇ ಇರಲಿ. ಹಣ್ಣು ಬಣ್ಣ ತಿರುಗಿದ ಮೇಲೆ ಒಮ್ಮೆಲೇ ಬೋಳಿಸಿದರೆ ತಂಪು ಜಾಗದಲ್ಲೂ ಸಿಪ್ಪೆ ಸುಡಬಹುದು, ಯಾಕಂದ್ರೆ ಅದಕ್ಕೆ ಬಿಸಿಲಿನ ಅಭ್ಯಾಸವೇ ಇರುವುದಿಲ್ಲ. ಇನ್ನೊಂದು, ಬೂದಿ ರೋಗ ಹರಡಲು ಮಳೆಯೇ ಬೇಕಿಲ್ಲ, ಮಳೆ ಬಂದಿಲ್ಲವಲ್ಲ ಅಂತ ಸುಮ್ನೆ ಕೂರಬೇಡಿ.