ಸಬ್ಬಕ್ಕಿ, ಪರಾತ ಮತ್ತು ಮುಂಬೈಯ ತೇವ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಮನೆಯಲ್ಲೇ ಪಾಳಣಾಘರ, ಅಂದರೆ ಹಗಲು ಹೊತ್ತು ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಶಿಶುವಿಹಾರ ನಡೆಸುತ್ತೇನೆ. ಎಂಟು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳು ಬರುತ್ತಾರೆ. ಸೆನ್ಸರಿ ಪ್ಲೇ ಎಂದು ಈಗ ದೊಡ್ಡ ಹೆಸರು ಪಡೆದಿರುವ, ಮಗು ಮುಟ್ಟಿ ಹಿಸುಕಿ ನೋಡಿ ಕಲಿಯುವ ಆಟಕ್ಕೆ ಸಾಮಾನು ಆರಿಸುವಾಗ ನಾನು ನೋಡುವುದು ಎರಡನ್ನೇ: ಬಾಯಿಗೆ ಹೋದರೆ ಏನಾಗುತ್ತದೆ, ಈ ಊರಿನ ತೇವದಲ್ಲಿ ಎಷ್ಟು ಹೊತ್ತು ತಡೆಯುತ್ತದೆ. ಒಣ ಹವೆಯ ಊರಿನಲ್ಲಿ ಸೊಗಸಾಗಿ ಬರುವ ವಿಧಾನ ಜುಲೈ ತಿಂಗಳಲ್ಲಿ ಇಲ್ಲಿ ಕೈಕೊಡುವುದು ಎರಡನೆಯದರಲ್ಲೇ.

ಆಸರೆಯಿಲ್ಲದೆ ಕೂರುವ, ಮೇಲಿನ ಆಹಾರ ರೂಢಿಯಾದ ಕೂಸಿಗೆ ಮೊದಲು ಬೇಯಿಸಿದ ಸಬ್ಬಕ್ಕಿ ಕೊಡುತ್ತೇನೆ. 100 ಗ್ರಾಂ ಸಣ್ಣ ಸಾಬುದಾಣಾ, 1 ಲೀಟರ್ ನೀರು. ನೀರು ಕೊತಕೊತ ಕುದಿಯುವಾಗಲೇ ಹಾಕಬೇಕು. ತಣ್ಣೀರಿಗೆ ಹಾಕಿ ಒಲೆ ಹತ್ತಿಸಿದರೆ ಕಾಳು ಕರಗಿ ಗಂಜಿಯಾಗುತ್ತದೆ. ತಳ ಹಿಡಿಯದಂತೆ ಕೈಯಾಡಿಸುತ್ತ 12ರಿಂದ 15 ನಿಮಿಷ ಕುದಿಸಿ, ನಡುವೆ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ ಉಳಿದಾಗ ಒಲೆ ಆರಿಸಿ 10 ನಿಮಿಷ ಮುಚ್ಚಿಡುತ್ತೇನೆ. ಆಮೇಲೆ ಜರಡಿಗೆ ಸುರಿದು ಕುಡಿಯುವ ತಣ್ಣೀರಿನಲ್ಲಿ ಮೂರು ಸಲ ತೊಳೆಯುವುದು. ಕೆಡುವುದು ಹೆಚ್ಚಾಗಿ ಇಲ್ಲೇ. ಒಂದೇ ಸಲ ತೊಳೆದರೆ ಹೊರಗಿನ ಗಂಜಿ ಅಂಟಾಗಿ ಕಾಳೆಲ್ಲ ಉಂಡೆಗಟ್ಟುತ್ತದೆ. ಬಿಡಿ ಕಾಳಿಗಿಂತ ಆ ಉಂಡೆಯೇ ಗಂಟಲಿಗೆ ಅಪಾಯ. ಒಂದು ಚಮಚ ಎಣ್ಣೆ ಸವರಿ ಬಿಡಿಸಿದರೆ ಸರಿ. ಕಾಳು ಎರಡು ಬೆರಳ ನಡುವೆ ಸಲೀಸಾಗಿ ಜಜ್ಜಿಹೋಗದಿದ್ದರೆ ಆಟಕ್ಕಿಲ್ಲ. ಬೇಯಿಸಿದ ಎರಡು ಗಂಟೆಯೊಳಗೆ ಆಟ ಮುಗಿಯಬೇಕು, ಉಳಿದದ್ದನ್ನು ಚೆಲ್ಲಬೇಕು. ಎಸೆಯಲು ಮನಸ್ಸಾಗದೆ ಫ್ರಿಜ್ಜಿಗಿಟ್ಟರೆ ಮರುದಿನ ಗಟ್ಟಿಯಾಗಿ ಯಾವ ಕೆಲಸಕ್ಕೂ ಬಾರದು.

ಬಣ್ಣಕ್ಕೆ ಬೀಟ್‌ರೂಟ್ ನೀರು, ಪಾಲಕ್ ನೀರು, ಚಿಟಿಕೆ ಅರಿಶಿನ. ಬೀಟ್‌ರೂಟ್ ಬಳಸಿದ ದಿನ ಕರೆದೊಯ್ಯಲು ಬರುವ ಅಮ್ಮಂದಿರಿಗೆ ಮೊದಲೇ ಹೇಳಿಬಿಡಬೇಕು, ಇಲ್ಲವಾದರೆ ರಾತ್ರಿ ಕೆಂಪು ಡೈಪರ್ ನೋಡಿ ಗಾಬರಿಯ ಫೋನು ಬರುತ್ತದೆ. ಅರಿಶಿನದ ಕಲೆಗೆ ಸೋಪು ತಾಗಿದರೆ ಕೆಂಪಾಗುತ್ತದೆ. ಅದೂ ರಕ್ತವಲ್ಲ, ಸೋಪಿನ ಕ್ಷಾರಕ್ಕೆ ಅರಿಶಿನ ಬಣ್ಣ ಬದಲಿಸುವುದು. ಬಟ್ಟೆಯನ್ನು ಬಿಸಿಲಿಗೆ ಹಾಕಿದರೆ ಕಲೆ ಮಾಸುತ್ತದೆ. ಮಳೆಗಾಲದಲ್ಲಿ ಬಿಸಿಲೆಲ್ಲಿ? ಜೂನ್‌ನಿಂದ ಅರಿಶಿನ ಬಂದ್.

ಹಸಿ ಮೈದಾ, ಹಸಿ ಗೋಧಿಹಿಟ್ಟನ್ನು ಎಲ್ಲವನ್ನೂ ಬಾಯಿಗಿಡುವ ವಯಸ್ಸಿನವರಿಗೆ ಕೊಡುವುದಿಲ್ಲ. ಹಸಿ ಹಿಟ್ಟಿನಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಅವರಿಗೆ ಬೇಯಿಸಿ ಆರಿಸಿದ ನಾಚಣಿ, ಅಂದರೆ ನಮ್ಮ ರಾಗಿಯ ಮುದ್ದೆ ಸಾಕು. ಎರಡೂವರೆ ದಾಟಿದವರಿಗೆ ಆಟದ ಕಣಕ ಮಾಡುತ್ತೇನೆ: 1 ಕಪ್ ಮೈದಾ, ಅರ್ಧ ಕಪ್ ಉಪ್ಪು, 1 ಕಪ್ ನೀರು, 1 ದೊಡ್ಡ ಚಮಚ ಎಣ್ಣೆ, 1 ದೊಡ್ಡ ಚಮಚ ನಿಂಬೆರಸ. ಎಲ್ಲ ಕಲಸಿ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ತಿರುವುತ್ತಿದ್ದರೆ ನಾಲ್ಕೈದು ನಿಮಿಷಕ್ಕೆ ಬದಿ ಬಿಟ್ಟು ಮುದ್ದೆಯಾಗುತ್ತದೆ. ಬಿಸಿ ಆರಿದ ಮೇಲೆ ನಾದುವುದು. ಅಷ್ಟು ಉಪ್ಪು ಚಿಕ್ಕ ಮಗುವಿನ ಹೊಟ್ಟೆಗೆ ಹೋಗಬಾರದು, ಹಾಗಾಗಿ ಇನ್ನೂ ಬಾಯಿಗಿಡುವ ಮಗು ಎಷ್ಟೇ ದೊಡ್ಡದಿದ್ದರೂ ಈ ಆಟಕ್ಕೆ ಬರುವುದಿಲ್ಲ. ಮಳೆಗಾಲದಲ್ಲಿ ಉಪ್ಪು ಗಾಳಿಯ ತೇವ ಹೀರಿ ಕಣಕ ಮರುದಿನಕ್ಕೇ ಬೆವರುತ್ತದೆ. ಅದಕ್ಕೆ ಮೇಲಿಂದ ಮೈದಾ ಉದುರಿಸಿದರೆ ಹಸಿ ಹಿಟ್ಟೂ ಸೇರಿತು, ಸಂಜೆಗೆ ಬಿರುಕೂ ಬಿಟ್ಟಿತು. ತವಾದ ಮೇಲೆ ಸಣ್ಣ ಉರಿಯಲ್ಲಿ ಎರಡು ನಿಮಿಷ ಹೊರಳಿಸಿದರೆ ಸರಿಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪು ಕಾಲು ಕಪ್‌ಗೆ ಇಳಿಸಿ, ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟು, ಮೂರು ದಿನಕ್ಕೆ ಎಸೆಯುತ್ತೇನೆ.

ಕೆಲವು ಮಕ್ಕಳು ಅಂಟು ಕಂಡರೆ ಕೈ ಹಿಂದೆಳೆಯುತ್ತವೆ. ಅಂಥ ಮಗುವಿನ ಕೈ ಹಿಡಿದು ಅದ್ದಿಸಲೇಬಾರದು. ಮುಂದಿನ ವಾರ ಪರಾತ, ಅಂದರೆ ಆಟದ ಸಾಮಾನು ಹರಡುವ ಅಗಲ ತಟ್ಟೆ ಕಂಡರೇ ಅಳುತ್ತದೆ. ದಪ್ಪ ಜಿಪ್ ಚೀಲಕ್ಕೆ ಎರಡು ಹಿಡಿ ಸಬ್ಬಕ್ಕಿ ಹಾಕಿ, ಗಾಳಿ ತೆಗೆದು, ನಾಲ್ಕೂ ಅಂಚನ್ನು ಅಗಲ ಟೇಪಿನಿಂದ ನೆಲಕ್ಕೆ ಅಂಟಿಸುತ್ತೇನೆ. ಮೇಲಿಂದ ಒತ್ತಲಿ. ಆಮೇಲೆ ಚಮಚ, ಕೈ ಬರುವುದು ಕೊನೆಗೆ.

ನೀರಾಟ ಪರಾತದಲ್ಲಿ ಮಾತ್ರ, ಬಕೆಟ್ಟಿನಲ್ಲಿ ಎಂದೂ ಇಲ್ಲ. ಬಗ್ಗಿ ತಲೆಕೆಳಗಾದ ಮಗುವಿಗೆ ಬಕೆಟ್ಟಿನಿಂದ ಏಳಲಾಗುವುದಿಲ್ಲ. ಪರಾತದ ಎರಡು ಬೆರಳು ನೀರೂ ಕೂಸಿನ ಮೂಗು ಬಾಯಿ ಮುಚ್ಚಲು ಸಾಕು, ಬೆಲ್ ಆದರೆ ಮೊದಲು ನೀರು ಚೆಲ್ಲಿ ಆಮೇಲೆ ಬಾಗಿಲು ತೆರೆಯುವುದು. ನೀರಿನಲ್ಲಿ ಊದುವ ಬಣ್ಣದ ಜೆಲ್ಲಿ ಮಣಿಗಳು ಮನೆಯೊಳಗೇ ಬೇಡ: ನುಂಗಿದರೆ ಕರುಳಿನಲ್ಲಿ ಊದಿ ದಾರಿ ಕಟ್ಟುತ್ತವೆ, ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದೂ ಇಲ್ಲ. ಕಡಲೆ, ಬಟಾಣಿ ಮೂಗಿಗೆ ತುರುಕಿದರೆ ಅಲ್ಲೇ ನೆನೆದು ಉಬ್ಬುತ್ತವೆ. ಗುಲಗಂಜಿಯಂತೂ ವಿಷವೇ.

ಮೂರು ದಾಟಿದವರಿಗೆ ಇಷ್ಟವಾಗುವುದು ಎರಡು ಕಪ್ ಕಾರ್ನ್‌ಫ್ಲೋರಿಗೆ ಒಂದು ಕಪ್ ನೀರು ಬೆರೆಸಿದ ಪಾಕ. ಗುದ್ದಿದರೆ ಗಟ್ಟಿ, ಬಿಟ್ಟರೆ ಹರಿಯುತ್ತದೆ. ಹರಿಯದಿದ್ದರೆ ಒಂದೊಂದೇ ಚಮಚ ನೀರು ಸೇರಿಸಿ. ಮಕೈ ಆಟಾ ಎಂದು ಸಿಗುವ ಹಳದಿ ಹಿಟ್ಟಿನಿಂದ ಇದು ಆಗದು, ಬೇಕಾದದ್ದು ಬಿಳಿ ಪಿಷ್ಟ. ಆಟವಾದ ಮೇಲೆ ಮೋರಿಗೆ ಸುರಿಯಬೇಡಿ. ಪಿಷ್ಟ ಪೈಪಿನ ತಳದಲ್ಲಿ ಸಿಮೆಂಟಿನಂತೆ ಕೂರುತ್ತದೆ. ಪರಾತವನ್ನು ಹಾಗೇ ಬಿಟ್ಟು, ಮೇಲೆ ನಿಂತ ನೀರು ಬಗ್ಗಿಸಿ, ಒಣಗಿದ್ದನ್ನು ಕೆರೆದು ಹಸಿ ಕಸಕ್ಕೆ ಹಾಕಿ. ಮೇ ತಿಂಗಳಲ್ಲಿ ಒಂದು ರಾತ್ರಿ, ಜುಲೈಯಲ್ಲಿ ಫ್ಯಾನ್ ಕೆಳಗಿಟ್ಟರೂ ಎರಡು ದಿನ.