4ಕೆ ಸಿನಿಮಾ ನಿಂತು ನಿಂತು ಬರುತ್ತಿದ್ಯಾ?
ದಾವಣಗೆರೆ ಗೆಳೆಯರೇ, ಮನೆಯ ಕಂಪ್ಯೂಟರ್‌ನಲ್ಲಿರುವ ಸಿನಿಮಾಗಳನ್ನು ಟಿವಿಗೆ ಕಳಿಸುವ ಜೆಲ್ಲಿಫಿನ್ ಅಥವಾ ಪ್ಲೆಕ್ಸ್ ಸರ್ವರ್‌ನಿಂದ 4ಕೆ ಸಿನಿಮಾ ತಡವರಿಸಿದರೆ ಸುಮ್ನೆ ಇಂಟರ್‌ನೆಟ್ ಪ್ಲಾನ್ ಜಾಸ್ತಿ ಮಾಡಿಸಬೇಡಿ. ಮನೆಯೊಳಗೇ ಓಡುವ ವಿಡಿಯೋಗೆ ಆ ಸ್ಪೀಡ್ ಬೇಕಾಗುವುದಿಲ್ಲ. ಬಹಳಷ್ಟು ಸ್ಮಾರ್ಟ್ ಟಿವಿಗಳ ಲ್ಯಾನ್ ಪೋರ್ಟ್ (ನೆಟ್‌ವರ್ಕ್ ಕೇಬಲ್ ಚುಚ್ಚುವ ಜಾಗ) ಬರೀ 100 ಎಂಬಿಪಿಎಸ್, ಅಂದ್ರೆ ಸೆಕೆಂಡಿಗೆ 100 ಮೆಗಾಬಿಟ್. ಬ್ಲೂರೇ ಗುಣಮಟ್ಟದ ದೊಡ್ಡ ಫೈಲ್ ಕೆಲವು ದೃಶ್ಯಗಳಲ್ಲಿ ಅದನ್ನೂ ದಾಟುತ್ತದೆ. ವಿಚಿತ್ರ ಅಂದ್ರೆ, ಅಂಥ ಟಿವಿಗೆ ಕೇಬಲ್‌ಗಿಂತ 5 ಗಿಗಾಹರ್ಟ್ಸ್ ವೈಫೈಯೇ ವಾಸಿ, ರೂಟರ್ ಹತ್ತಿರ ಇದ್ದರೆ. ಹಳೇಪೇಟೆ ಕಡೆಯ ದಪ್ಪ ಗೋಡೆ ಮನೆಯಾದರೆ ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟ್ ಇರುವ ಸ್ಟ್ರೀಮಿಂಗ್ ಬಾಕ್ಸ್ ತಗೊಂಡು ಕ್ಯಾಟ್ 5ಇ ಕೇಬಲ್ ಎಳೆಸಿ.

ಸರ್ವರ್‌ನಲ್ಲಿ ‘ಟ್ರಾನ್ಸ್‌ಕೋಡ್’ (ವಿಡಿಯೋವನ್ನು ಬೇರೆ ರೂಪಕ್ಕೆ ಬದಲಿಸುವುದು) ಅಂತ ತೋರಿಸಿದರೆ ಸಬ್‌ಟೈಟಲ್ ಆಫ್ ಮಾಡಿ ನೋಡಿ. ಬ್ಲೂರೇಯ ಸಬ್‌ಟೈಟಲ್ ಚಿತ್ರರೂಪದಲ್ಲಿರುತ್ತದೆ. ಅದನ್ನು ಕೂರಿಸಲು ಸರ್ವರ್ ಎಷ್ಟೋ ಸಲ ಇಡೀ ವಿಡಿಯೋವನ್ನೇ ಮತ್ತೆ ಎನ್‌ಕೋಡ್ ಮಾಡುತ್ತದೆ. ಬದಲಿಗೆ ಅಕ್ಷರರೂಪದ ಸಬ್‌ಟೈಟಲ್ ಆದ ಎಸ್‌ಆರ್‌ಟಿ ಫೈಲ್ ಹಾಕಿ.