ಮೊದಲ ಸಲ ರೇಸ್ ಟ್ರ್ಯಾಕಿಗೆ ಹೊರಟ ಕಾರು: ಖರ್ಚು ಸೈಲೆನ್ಸರಿಗಲ್ಲ, ಬ್ರೇಕ್ ಆಯಿಲ್‌ಗೆ

ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರ್ ಓಡಿಸಿಕೊಂಡು ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಬರುವ ಪೋಲೊ ಜಿಟಿ, ಆಕ್ಟೇವಿಯಾ ಆರ್‌ಎಸ್‌ನಂಥ ಕಾರುಗಳಲ್ಲಿ ಹಲವನ್ನು ನೋಡಿದ್ದೇನೆ. ಸೈಲೆನ್ಸರ್ ಹೊಸದು, ಎಂಜಿನ್ ರೀಮ್ಯಾಪ್ ಆಗಿದೆ (ಶಕ್ತಿ ಹೆಚ್ಚಿಸಲು ಸಾಫ್ಟ್‌ವೇರ್ ಬದಲಿಸಿದ್ದಾರೆ), ಅಲಾಯ್ ಚಕ್ರಗಳು ಮಿಂಚುತ್ತಿವೆ. ಬಾನೆಟ್ ಎತ್ತಿದರೆ ಬ್ರೇಕ್ ಆಯಿಲ್ ಡಬ್ಬಿಯೊಳಗೆ ಡಿಕಾಕ್ಷನ್ ಬಣ್ಣದ ದ್ರವ. ಕೆಲವೇ ಸುತ್ತುಗಳಲ್ಲಿ ಪೆಡಲ್ ಮೆತ್ತಗಾಗುತ್ತದೆ, ಮುಂದಿನ ತಿರುವಿನಲ್ಲಿ ಕಾರು ಮಣ್ಣಿಗಿಳಿಯುತ್ತದೆ. ಅಲ್ಲಿಗೆ ಆ ದಿನ ಮುಗಿಯಿತು. ಇದನ್ನು ತಪ್ಪಿಸಲು ದೊಡ್ಡ ಮೊತ್ತ ಬೇಕಿಲ್ಲ. ಒಂದು ಬೆಳಗಿನ ಶ್ರಮ, ಒಂದು ಲೀಟರ್ ಒಳ್ಳೆಯ ಬ್ರೇಕ್ ಆಯಿಲ್ ಸಾಕು.

ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್‌ನ ಈ ಟ್ರ್ಯಾಕ್ 1990ರಿಂದ ಇದೆ. ಒಂದು ಸುತ್ತು 3.717 ಕಿಲೋಮೀಟರ್. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಇದಕ್ಕಿಂತ ಚಿಕ್ಕದು, ಸುಮಾರು 2.1 ಕಿಲೋಮೀಟರ್. ಎಲ್ಲಿಗೆ ಹೋದರೂ ಸಿದ್ಧತೆ ಒಂದೇ.

ಹಂತ 1: ಕಾರಿಗೆ ಮೊದಲು ಕಾಗದಪತ್ರ

ಖಾಸಗಿ ಕಾರಿನ ವಿಮಾ ಪಾಲಿಸಿಯಲ್ಲಿ 'ಬಳಕೆಯ ಮಿತಿ' ಎಂಬ ಭಾಗವನ್ನು ಓದಿ. ಸಂಘಟಿತ ರೇಸ್, ವೇಗ ಪರೀಕ್ಷೆ ಇತ್ಯಾದಿಗೆ ರಕ್ಷಣೆ ಇಲ್ಲವೆಂದು ಅಲ್ಲಿ ಬರೆದಿರುತ್ತದೆ. ಟ್ರ್ಯಾಕಿನಲ್ಲಿ ಕಾರು ಗೋಡೆಗೆ ಬಡಿದರೆ ರಿಪೇರಿಯ ಖರ್ಚು ನಿಮ್ಮದೇ ಎಂದು ಎಣಿಸಿಯೇ ಹೊರಡಿ. ಆ ಖರ್ಚು ಭರಿಸಲಾಗದಿದ್ದರೆ ಆ ಕಾರನ್ನು ಒಯ್ಯಬೇಡಿ.

ಹಂತ 2: ಬ್ರೇಕ್ ಆಯಿಲ್

ಇದೇ ಮುಖ್ಯ ಕೆಲಸ. ಜನ ಎಡವುವುದೂ ಇಲ್ಲಿಯೇ.

ಮೊದಲು ಕಾರಣ ತಿಳಿದುಕೊಳ್ಳಿ. ವೇಗ ಇಮ್ಮಡಿಯಾದರೆ ಬ್ರೇಕ್ ಹೀರಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಕಾರನ್ನು 160ರಿಂದ 80ಕ್ಕೆ ಇಳಿಸುವಾಗ ಹುಟ್ಟುವ ಶಾಖ, 80ರಿಂದ ಪೂರ್ತಿ ನಿಲ್ಲಿಸುವಾಗ ಹುಟ್ಟುವುದರ ಮೂರು ಪಟ್ಟು. ಊರಿನ ರಸ್ತೆಯಲ್ಲಿ ಅಂಥ ಬ್ರೇಕನ್ನು ಅಪರೂಪಕ್ಕೊಮ್ಮೆ ಹಾಕುತ್ತೇವೆ, ಟ್ರ್ಯಾಕಿನಲ್ಲಿ ಸುತ್ತು ಸುತ್ತಿಗೂ ಹಾಕುತ್ತೇವೆ. ಡಿಸ್ಕಿನ ಶಾಖ ಪ್ಯಾಡಿಗೆ, ಪ್ಯಾಡಿನಿಂದ ಅದನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿಗೆ, ಅಲ್ಲಿಂದ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ಕುದಿದರೆ ಆವಿಯ ಗುಳ್ಳೆಗಳೇಳುತ್ತವೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಆದ್ದರಿಂದ ಪೆಡಲ್ ನೆಲ ಮುಟ್ಟಿದರೂ ಕ್ಯಾಲಿಪರಿಗೆ ಒತ್ತಡ ತಲುಪುವುದಿಲ್ಲ.

ನಮ್ಮ ಕಾರುಗಳಲ್ಲಿರುವ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಸುಮಾರು ಶೇ 3.7ರಷ್ಟು ನೀರು ಸೇರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ಡಾಟ್ 5.1ಕ್ಕೆ ಇದೇ ಲೆಕ್ಕ 260 ಮತ್ತು 180. ಮಂಗಳೂರು, ಉಡುಪಿಯ ಕಡೆ ಕಾರು ಓಡಿಸುವವರು ಒಂದು ಮಳೆಗಾಲ ಕಳೆದ ಆಯಿಲನ್ನು ನಂಬಲೇಬಾರದು.

ನನ್ನ ಆಯ್ಕೆ ಮೋಟುಲ್ ಆರ್‌ಬಿಎಫ್ 600. ಹೊಸದಾಗಿ 312 ಡಿಗ್ರಿಯವರೆಗೆ ತಾಳುತ್ತದೆ, ಮೊದಲ ಟ್ರ್ಯಾಕ್ ದಿನಕ್ಕೆ ಧಾರಾಳವಾಯಿತು. ಡಾಟ್ 5 ಎಂದು ಬರೆದ ಡಬ್ಬಿಯನ್ನು ಮಾತ್ರ ಮುಟ್ಟಬೇಡಿ. ಅದು ಸಿಲಿಕೋನ್ ದ್ರವ, 5.1ಕ್ಕೂ ಅದಕ್ಕೂ ಸಂಬಂಧವಿಲ್ಲ, ನಿಮ್ಮ ಕಾರಿನ ಆಯಿಲ್ ಜೊತೆ ಬೆರೆಯುವುದೂ ಇಲ್ಲ. ಅಂಗಡಿಯ ಮೂಲೆಯಲ್ಲಿ ಮುಚ್ಚಳ ತೆರೆದಿಟ್ಟ ಕ್ಯಾನಿನಿಂದ ಅಗ್ಗಕ್ಕೆ ಸುರಿದುಕೊಟ್ಟರೂ ಬೇಡ. ಸೀಲ್ ಒಡೆದ ದಿನದಿಂದಲೇ ಅದು ತೇವ ಹೀರತೊಡಗಿರುತ್ತದೆ.

ಇನ್ನು ಬದಲಿಸುವ ಕ್ರಮ. ಕಾರನ್ನು ಸಮತಟ್ಟಾದ ನೆಲದಲ್ಲಿ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಸಿರಿಂಜಿನಿಂದ ಡಬ್ಬಿಯ ಹಳೆಯ ಆಯಿಲನ್ನು ಹೀರಿ ತೆಗೆದು ಹೊಸದನ್ನು ತುಂಬಿ. ಬಣ್ಣದ ಮೇಲೆ ಒಂದು ಹನಿ ಬಿದ್ದರೂ ಕೂಡಲೇ ನೀರಿನಿಂದ ತೊಳೆಯಿರಿ, ಇಲ್ಲದಿದ್ದರೆ ಅದು ಬಣ್ಣವನ್ನು ತಿನ್ನುತ್ತದೆ. ಅನೇಕ ಗ್ಯಾರೇಜುಗಳಲ್ಲಿ ಕೆಲಸ ಇಲ್ಲಿಗೇ ನಿಲ್ಲುತ್ತದೆ. ಡಬ್ಬಿಯಲ್ಲಿ ಹೊಸ ಆಯಿಲ್ ಕಾಣುತ್ತದೆ, ಬಿಲ್ಲೂ ಬರುತ್ತದೆ. ಆದರೆ ಕುದಿಯುವುದು ಕ್ಯಾಲಿಪರ್ ಒಳಗಿನ ಆಯಿಲ್, ಅಲ್ಲಿ ಹಳೆಯದೇ ಉಳಿದಿರುತ್ತದೆ. ಆದ್ದರಿಂದ ನಾಲ್ಕೂ ಚಕ್ರಗಳಿಂದ ಹಳೆಯದನ್ನು ಹೊರಗೆ ಹರಿಸಲೇಬೇಕು.

ಡಬ್ಬಿಗೆ ಅತಿ ದೂರದ ಚಕ್ರದಿಂದ ಆರಂಭಿಸುವುದು ವಾಡಿಕೆ. ಬಲಬದಿಯಲ್ಲಿ ಸ್ಟೀರಿಂಗ್ ಇರುವ ನಮ್ಮ ಕಾರುಗಳಲ್ಲಿ ಅದು ಸಾಮಾನ್ಯವಾಗಿ ಹಿಂದಿನ ಎಡ ಚಕ್ರ. ನಿಮ್ಮ ಕಾರಿನ ಸರ್ವಿಸ್ ಕೈಪಿಡಿ ಬೇರೆ ಕ್ರಮ ಹೇಳಿದರೆ ಅದನ್ನೇ ಅನುಸರಿಸಿ. ಆಯಿಲ್ ಹೊರಬಿಡುವ ಪುಟ್ಟ ತಿರುಪಾದ ಬ್ಲೀಡರ್ ನಿಪ್ಪಲ್‌ಗೆ ರಿಂಗ್ ಸ್ಪ್ಯಾನರನ್ನೇ ಹಾಕಿ. ಬಾಯಿ ತೆರೆದ ಸ್ಪ್ಯಾನರ್ ಜಾರಿ ಅಂಚು ಸವೆಸಿದರೆ ಕ್ಯಾಲಿಪರನ್ನೇ ಬಿಚ್ಚಬೇಕಾದೀತು. ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಹೊಸ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ.

ಸೀಟಿನಲ್ಲಿ ಒಬ್ಬರು, ಚಕ್ರದ ಬಳಿ ಒಬ್ಬರು ಇರಬೇಕು. ಒಳಗಿರುವವರು ಪೆಡಲನ್ನು ನಿಧಾನವಾಗಿ ಒತ್ತಿ 'ಒತ್ತಿದೆ' ಎನ್ನಬೇಕು. ಹೊರಗಿರುವವರು ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿ, ಆಯಿಲ್ ಹರಿದ ಮೇಲೆ ಬಿಗಿಮಾಡಿ 'ಬಿಡಿ' ಎನ್ನಬೇಕು. ಆ ಮಾತು ಕಿವಿಗೆ ಬೀಳುವವರೆಗೆ ಪೆಡಲ್ ಮೇಲಿನ ಕಾಲು ಏಳಕೂಡದು. ನಿಪ್ಪಲ್ ತೆರೆದಿರುವಾಗ ಪೆಡಲ್ ಬಿಟ್ಟರೆ ಗಾಳಿ ಒಳಕ್ಕೆ ನುಗ್ಗುತ್ತದೆ, ಮತ್ತೆ ಮೊದಲಿನಿಂದ ಶುರು. ಇಬ್ಬರಲ್ಲಿ ಒಬ್ಬರ ಕೈಯಲ್ಲೂ ಮೊಬೈಲ್ ಇರಬಾರದು. ಹಳೆಯ ಕಾರಾದರೆ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ಪೆಡಲ್ ಎಂದೂ ಇಳಿಯದಷ್ಟು ಕೆಳಗೆ ಇಳಿದರೆ ಪೆಡಲಿನ ಒತ್ತಡವನ್ನು ಆಯಿಲ್‌ಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಸೀಲುಗಳು ತುಕ್ಕು ಹಿಡಿದ ಜಾಗದ ಮೇಲೆ ಉಜ್ಜಿ ಹರಿಯಬಹುದು.

ಐದಾರು ಸಲ ಒತ್ತಿದ ಮೇಲೆ ಡಬ್ಬಿಯನ್ನು ನೋಡಿ ಮತ್ತೆ ತುಂಬಿ. ಡಬ್ಬಿ ಬರಿದಾಗಲು ಬಿಡಬೇಡಿ. ಗಾಳಿ ಎಬಿಎಸ್ ಘಟಕದೊಳಗೆ ಸೇರಿದರೆ ಎಷ್ಟೋ ಕಾರುಗಳಲ್ಲಿ ಗ್ಯಾರೇಜಿನ ಕಂಪ್ಯೂಟರ್ ಸ್ಕ್ಯಾನರ್ ಇಲ್ಲದೆ ಅದನ್ನು ಹೊರಹಾಕಲಾಗದು. ಪೈಪಿನಲ್ಲಿ ತಿಳಿಬಣ್ಣದ ಆಯಿಲ್ ಗುಳ್ಳೆಯಿಲ್ಲದೆ ಹರಿಯತೊಡಗಿದಾಗ ಆ ಚಕ್ರದ ಕೆಲಸ ಮುಗಿಯಿತು. ನಿಪ್ಪಲ್ ಚಿಕ್ಕದು, ಅತಿಯಾಗಿ ಬಿಗಿಯಬೇಡಿ, ಮುರಿಯುತ್ತದೆ. ರಬ್ಬರ್ ಟೋಪಿ ಹಾಕುವುದನ್ನು ಮರೆಯಬೇಡಿ. ಅನೇಕ ಕಾರುಗಳಲ್ಲಿ ಕ್ಲಚ್ಚಿಗೂ ಇದೇ ಡಬ್ಬಿಯಿಂದ ಆಯಿಲ್ ಹೋಗುತ್ತದೆ, ಅದನ್ನೂ ಬದಲಿಸಿಬಿಡಿ. ಕೊನೆಗೆ ಎಂಜಿನ್ ಚಾಲೂ ಮಾಡಿ ಪೆಡಲನ್ನು ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿಹಿಡಿಯಿರಿ. ಅದು ನಿಧಾನವಾಗಿ ಕುಸಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಗಾಡಿ ಹೊರಡಿಸಬೇಡಿ.

ಹಂತ 3: ಪ್ಯಾಡ್ ಮತ್ತು ಡಿಸ್ಕ್

ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಬದಲಿಸಿ. ತೆಳುವಾದ ಪ್ಯಾಡ್ ಶಾಖವನ್ನು ತಡೆಯದೆ ನೇರವಾಗಿ ಆಯಿಲ್‌ಗೆ ದಾಟಿಸುತ್ತದೆ. ಪೂರ್ತಿ ರೇಸಿನ ಪ್ಯಾಡ್ ಬೇಡ. ಅದು ಬಿಸಿಯಾಗದೆ ಹಿಡಿಯುವುದಿಲ್ಲ, ನೀವೋ ಅದೇ ಕಾರಿನಲ್ಲಿ ಹೆದ್ದಾರಿಯ ಲಾರಿಗಳ ನಡುವೆ ಚೆನ್ನೈವರೆಗೆ ಹೋಗಬೇಕು. ರಸ್ತೆಗೂ ಟ್ರ್ಯಾಕಿಗೂ ಆಗುವ ಮಧ್ಯಮ ದರ್ಜೆಯ ಪ್ಯಾಡ್ ಸಾಕು. ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೇಕಾದದ್ದೆಲ್ಲ ಸಿಗುತ್ತದೆ, ಆದರೆ ಪ್ಯಾಡಿಗೆ ಬಿಲ್ ಕೇಳಿ ಪಡೆಯಿರಿ. ಅರ್ಧ ಬೆಲೆಗೆ ಸಿಗುವ 'ಕಂಪನಿ' ಡಬ್ಬಿಯೊಳಗಿನ ಪ್ಯಾಡ್ ನಕಲಿಯಾಗಿದ್ದರೆ ಅದು ಗೊತ್ತಾಗುವುದು ತಿರುವಿನಲ್ಲಿ.

ಹೊಸ ಪ್ಯಾಡ್ ಹಾಕಿದರೆ ಖಾಲಿ ರಸ್ತೆಯಲ್ಲಿ 80ರಿಂದ 20ಕ್ಕೆ ಎಂಟು-ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ. ಆಮೇಲೆ ಬ್ರೇಕ್ ಹೆಚ್ಚು ಮುಟ್ಟದೆ ಹತ್ತು ನಿಮಿಷ ಓಡಿಸಿ ತಣಿಸಿ. ಡಿಸ್ಕಿನ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅದರ ಮೇಲೆಯೇ ಕೆತ್ತಿರುತ್ತಾರೆ, ಅಳೆದು ನೋಡಿ. ತೂತು ಕೊರೆದ ಡಿಸ್ಕ್ ಚೆಂದ ಕಾಣುತ್ತದೆಂದು ಹಾಕಿಸಬೇಡಿ. ಟ್ರ್ಯಾಕಿನ ಶಾಖಕ್ಕೆ ಆ ತೂತುಗಳಿಂದಲೇ ಬಿರುಕು ಹುಟ್ಟುತ್ತದೆ. ತೂತಿಲ್ಲದ ಡಿಸ್ಕೇ ಉತ್ತಮ.

ಹಂತ 4: ಟೈರ್

ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳನ್ನು ನೋಡಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ಐದು ವರ್ಷ ದಾಟಿದ ಟೈರಿನಲ್ಲಿ ಟ್ರ್ಯಾಕಿಗೆ ಇಳಿಯಬೇಡಿ. ಪಂಚರ್ ಅಂಗಡಿಯಲ್ಲಿ ದಾರ ತುರುಕಿ ಮುಚ್ಚಿದ ತೂತಿದ್ದರೂ ಬೇಡ.

ಬೆಳಿಗ್ಗೆ ಕಂಪನಿ ಹೇಳಿದಷ್ಟೇ ಗಾಳಿ ಇರಲಿ. ಮೊದಲ ಸುತ್ತಾಟ ಮುಗಿಸಿ ಬಂದ ಕೂಡಲೇ ಅಳೆದರೆ ನಾಲ್ಕೈದು ಪಿಎಸ್‌ಐ ಏರಿರುತ್ತದೆ, ಏರಿದ್ದನ್ನು ಇಳಿಸಿ. ಟೈರಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದಿಟ್ಟರೆ ರಬ್ಬರ್ ಎಲ್ಲಿಯವರೆಗೆ ಮಡಚುತ್ತಿದೆಯೆಂದು ಅಳಿಸಿದ ಗುರುತೇ ಹೇಳುತ್ತದೆ. ಚಕ್ರದ ಬೋಲ್ಟುಗಳನ್ನು ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದಲೇ ಬಿಗಿಯಿರಿ. ಪೋಲೊಗೆ 120 ನ್ಯೂಟನ್ ಮೀಟರ್. ಗಾಳಿಯಂತ್ರದಿಂದ ಬಿಗಿಸಿಕೊಂಡು ಬಂದು ನೆಮ್ಮದಿಯಾಗಿರಬೇಡಿ. ಚಕ್ರ ತಣಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ಹಂತ 5: ಉಳಿದದ್ದು

ಎಂಜಿನ್ ಆಯಿಲ್ ಅಳತೆ ಕಡ್ಡಿಯ ಗರಿಷ್ಠ ಗುರುತಿನ ಹತ್ತಿರ ಇರಲಿ, ಆದರೆ ಅದನ್ನು ದಾಟದಿರಲಿ. ಕೂಲೆಂಟ್ ನೋಡಿ, ಎಂಜಿನ್ ಬಿಸಿಯಿದ್ದಾಗ ಮುಚ್ಚಳ ತೆರೆಯಬೇಡಿ. ಬ್ಯಾಟರಿ ಅಲುಗಾಡಬಾರದು. ಪೆಟ್ರೋಲ್ ಅರ್ಧ ಟ್ಯಾಂಕ್‌ಗಿಂತ ಕೆಳಗೆ ಬೇಡ, ಉದ್ದನೆಯ ತಿರುವಿನಲ್ಲಿ ಅದು ಒಂದೇ ಬದಿಗೆ ಸರಿದು ಪಂಪಿಗೆ ಸಿಗದಿರಬಹುದು. ಆಕ್ಟೇನ್ ಬೂಸ್ಟರ್ ಬಾಟಲಿಗೆ ಕೊಡುವ ಹಣವನ್ನು ಇನ್ನೊಂದು ಡಬ್ಬಿ ಬ್ರೇಕ್ ಆಯಿಲ್‌ಗೆ ಕೊಡಿ. ಸ್ಟೆಪ್ನಿ, ಜಾಕ್, ನೀರಿನ ಬಾಟಲಿ, ಎಲ್ಲವನ್ನೂ ಟ್ರ್ಯಾಕಿಗಿಳಿಯುವ ಮುನ್ನ ಹೊರಗಿಡಿ. ಚಾಲಕನ ಕಡೆಯ ಮ್ಯಾಟನ್ನಂತೂ ಮೊದಲು ತೆಗೆಯಿರಿ, ಅದು ಪೆಡಲ್ ಕೆಳಗೆ ಸರಿದರೆ ಅನಾಹುತ. ಎಳೆಯುವ ಕೊಕ್ಕೆ ಎಲ್ಲಿದೆ, ಯಾವ ದಿಕ್ಕಿಗೆ ತಿರುಗುತ್ತದೆ ಎಂದು ಮನೆಯಲ್ಲೇ ತಿಳಿದುಕೊಳ್ಳಿ. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್, ತೋಳು ತುಂಬಿದ ಹತ್ತಿ ಬಟ್ಟೆ, ತೆಳು ಅಡಿಯ ಬೂಟು ಒಯ್ಯಿರಿ.

ಹಂತ 6: ಟ್ರ್ಯಾಕಿನಲ್ಲಿ

ಮೊದಲ ಸುತ್ತು ನಿಧಾನ, ಕೊನೆಯ ಸುತ್ತು ಇನ್ನೂ ನಿಧಾನ. ಆ ಕೊನೆಯ ಸುತ್ತಿನಲ್ಲಿ ಬ್ರೇಕ್ ಆದಷ್ಟು ಮುಟ್ಟದೆ ಗಾಳಿಗೆ ತಣಿಸಿ. ಟ್ರ್ಯಾಕ್ ಪಕ್ಕದಲ್ಲಿ ಕಾರು ನಿಲ್ಲಿಸುವ ಪ್ಯಾಡಕ್‌ಗೆ ಬಂದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ. ಬಿಸಿ ಪ್ಯಾಡ್ ಡಿಸ್ಕಿಗೆ ಅಂಟಿ ಕಲೆ ಬಿಡುತ್ತದೆ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ.

ಪೆಡಲ್ ಗಟ್ಟಿಯಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಸೋತಿದೆ, ತಣಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಪೆಡಲ್ ಮೆತ್ತಗಾಗಿದ್ದರೆ ಆಯಿಲ್ ಕುದಿದಿದೆ. ತಣಿದ ಮೇಲೆ ಪೆಡಲ್ ಮರಳಿ ಗಟ್ಟಿಯಾದಂತೆ ಕಂಡರೂ ನಂಬಬೇಡಿ, ಆಯಿಲ್ ಹರಿಸಿ ಹೊಸದು ತುಂಬದೆ ಮತ್ತೆ ಟ್ರ್ಯಾಕಿಗೂ ಇಳಿಯಬೇಡಿ, ಹೆದ್ದಾರಿಗೂ ಇಳಿಯಬೇಡಿ. ಅದಕ್ಕಾಗಿಯೇ ಸೀಲ್ ಒಡೆಯದ ಅರ್ಧ ಲೀಟರಿನ ಇನ್ನೊಂದು ಡಬ್ಬಿ, ಪೈಪು, ರಿಂಗ್ ಸ್ಪ್ಯಾನರ್ ಜೊತೆಗಿರಬೇಕು.

ಬೆಂಗಳೂರಿಗೆ ಹೊರಡುವ ಮುನ್ನ ಇಳಿಸಿದ್ದ ಗಾಳಿಯನ್ನು ಮತ್ತೆ ತುಂಬಿಸಿ, ಬೋಲ್ಟುಗಳನ್ನು ಪರೀಕ್ಷಿಸಿ, ಟಾರ್ಚ್ ಹಾಕಿ ಪ್ಯಾಡ್ ಎಷ್ಟು ಉಳಿದಿದೆ ನೋಡಿ, ಮ್ಯಾಟನ್ನು ಅದರ ಕೊಕ್ಕೆಗೆ ಸರಿಯಾಗಿ ಸಿಕ್ಕಿಸಿ.